ಓದುವವರು ಯಾರೆಂದು ಕೇಳಿದ ವರ್ತಕ

ವ್ಯಾಪಾರಿಗೂ ವಿದ್ವತ್ತಿಗೂ ಎತ್ತಣ ಸಂಬಂಧವೆಂಬ ತಾತ್ಸಾರ ನಮ್ಮ ಸಾಹಿತ್ಯವಲಯದಲ್ಲಿ ಹಳೆಯದು. ವಜ್ರ ಉಜ್ಜುವ ಕತಾರ್‌ಗಾಮ್‌ನಲ್ಲಿ ಬಾಳುತ್ತಿರುವ ನಾವು ಅದನ್ನು ಒಪ್ಪಲಾರೆವು. ಇದೇ ಸೂರತ್‌ನಲ್ಲಿ 1851ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಮುತ್ತಿನ ವ್ಯಾಪಾರದಿಂದ ಸಿರಿವಂತರಾದ ಸೇಠ್ ಮಾಣಿಕ್‌ಚಂದ್ ಹೀರಾಚಂದರನ್ನು ಬಿಟ್ಟು ಧವಲಾ ಟೀಕೆಯ ಕಥೆಯನ್ನು ಹೇಳಲಾಗದು.

1883ರಲ್ಲಿ ಅವರು ಯಾತ್ರಿಕರಾಗಿ ಮೂಡುಬಿದಿರೆಗೆ ಬಂದರು. ರತ್ನಪ್ರತಿಮೆಗಳೊಂದಿಗೆ, ವೀರಸೇನಾಚಾರ್ಯರ ಆ ಕೃತಿಯಿದ್ದ ಹಳೆಯ ಕನ್ನಡ ಲಿಪಿಯ ತಾಳೆಗರಿಗಳ ದರ್ಶನವೂ ಆಯಿತು. ಮುತ್ತಿನ ಪಾರಖಿಯ ಕಣ್ಣು ನಿಂತದ್ದು ಶಿಥಿಲವಾಗುತ್ತಿದ್ದ ಗರಿಗಳ ಮೇಲೆ. ಇವನ್ನು ಓದುವವರು ಯಾರೆಂದು ವಿಚಾರಿಸಿದರು. ಅಲ್ಲಿ ದರ್ಶನವಷ್ಟೇ ಇತ್ತು, ಓದಿರಲಿಲ್ಲ. ಓದಬಲ್ಲ ಬ್ರಹ್ಮಸೂರಿ ಶಾಸ್ತ್ರಿಗಳು ಶ್ರವಣಬೆಳಗೊಳದವರು. ಸೇಠರು ಸುಮ್ಮನಾಗದೆ ಸೊಲ್ಲಾಪುರದ ವರ್ತಕ ಹೀರಾಚಂದ್ ನೇಮಚಂದರಿಗೆ ವಿಷಯ ತಿಳಿಸಿದರು. ವಂತಿಗೆ ಕೂಡಿತು, 1890ರ ದಶಕದಲ್ಲಿ ಪ್ರತಿ ಮಾಡುವ ಕೆಲಸ ತೊಡಗಿತು. ಹೀರಾಲಾಲ್ ಜೈನರ ಸಂಪಾದಕತ್ವದ 16 ಸಂಪುಟಗಳು 1939ರಿಂದ ಅಚ್ಚಾಗಿ ಬಂದವು. ಸೇಠರು 1914ರಲ್ಲೇ ತೀರಿಕೊಂಡಿದ್ದರು.

ಅವರು ವಿದ್ವಾಂಸರಲ್ಲ ಎಂದು ಕೆಲವರು ಮೂಗು ಮುರಿಯಬಹುದು. ಗರಿಗಳನ್ನು ಶತಮಾನಗಳ ಕಾಲ ಕಾಪಾಡಿದವರ ಋಣ ದೊಡ್ಡದೇ. ಆದರೆ ಕೈಮುಗಿಯುವುದನ್ನೇ ಓದೆಂದುಕೊಂಡವರು ಅವರೊಬ್ಬರೇ ಅಲ್ಲ. ನವೆಂಬರ್ 1ರಂದು ನಾವು ಭುವನೇಶ್ವರಿಯ ಪಟಕ್ಕೆ ಹಾರ ಹಾಕುತ್ತೇವೆ. ಗುಜರಾತಿ ಫಲಕಗಳನ್ನು ಸರಾಗವಾಗಿ ಓದುವ ನಮ್ಮ ಮಕ್ಕಳಿಗೆ ಕನ್ನಡದ ಒಂದು ಪುಟ ಓದಲು ಬಾರದು. ಕಪಾಟಿನ ಪುಸ್ತಕಗಳಿಗೆ ಅರಿಶಿನ-ಕುಂಕುಮ ಮಾತ್ರ ತಪ್ಪುವುದಿಲ್ಲ! ಈ ವರ್ಷದ ಮೆರವಣಿಗೆಯ ವಂತಿಗೆಯನ್ನು ಭಾನುವಾರದ ಓದಿನ ತರಗತಿಗೆ ಕೊಡಿರೆಂದು ನಾವು ಕೇಳುತ್ತಿರುವುದು ಇದಕ್ಕಾಗಿಯೇ.