ಕಟಕಟ ಕೇಳಿಸಿದ ಮೇಲೆ

ನಾಗಪುರದ ರಾಮದಾಸಪೇಠದ ಕನ್ನಡ ಬಂಧುಗಳೇ, ಈ ಮಾತು ಕಾರಿಟ್ಟುಕೊಂಡ ಎಲ್ಲರಿಗೂ ಸೇರಿದ್ದು. ಆದರೂ ನಿಮ್ಮಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ನಾವಿರುವುದು ಆಸ್ಪತ್ರೆಗಳ ಬಡಾವಣೆಯಲ್ಲಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಸೆಂಟ್ರಲ್ ಬಜಾರ್ ರಸ್ತೆಯಲ್ಲಿ ನಿಂತು ನೋಡಿ. ಪ್ಲಾಸ್ಟರ್ ಹಾಕಿದ ಕಾಲನ್ನು ಎಳೆದುಕೊಂಡು ದಾಟುವವರು, ಸ್ಕ್ಯಾನ್ ಫಿಲ್ಮಿನ ದೊಡ್ಡ ಕವರು ಹಿಡಿದು ಯಾವ ಕಡೆ ನೋಡಬೇಕೆಂದು ತಿಳಿಯದೆ ನಿಂತ ಹಳ್ಳಿಯವರು, ಕೋಚಿಂಗ್ ಕ್ಲಾಸಿಗೆ ಸೈಕಲ್ ತುಳಿಯುವ ಮಕ್ಕಳು. ಇವರ ನಡುವೆಯೇ ನಮ್ಮ ಕಾರುಗಳು ಹಾಯುತ್ತವೆ, ಮುಂದಿನ ಚಕ್ರದ ಕಡೆಯಿಂದ ಕಟಕಟ ಅನ್ನುತ್ತ. ಆ ಸದ್ದು ನಮಗೆ ಕೇಳಿಸುವುದಿಲ್ಲವೆ? ಚೆನ್ನಾಗಿಯೇ ಕೇಳಿಸುತ್ತದೆ. ಕೇಳಿಸಿದ ಮೇಲೆ ಹಾಡಿನ ವಾಲ್ಯೂಮ್ ಏರಿಸುತ್ತೇವೆ.

ಆ ಸದ್ದು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಇವತ್ತಿನ ಬಹುಪಾಲು ಕಾರುಗಳಲ್ಲಿ ಮುಂದಿನ ಚಕ್ರವನ್ನು ಕೆಳಗಡೆ ಹಿಡಿದಿಟ್ಟಿರುವುದು ಲೋವರ್ ಆರ್ಮ್ ಎಂಬ ಒಂದು ತೋಳು. ಅದರ ಒಂದು ತುದಿ ರಬ್ಬರ್ ಬುಷ್‌ಗಳ ಮೇಲೆ ಕಾರಿನ ಅಡಿಗೆ ಕೂತಿರುತ್ತದೆ. ಇನ್ನೊಂದು ತುದಿಯ ಬಾಲ್ ಜಾಯಿಂಟ್ ಚಕ್ರದ ಕಡೆಗೆ. ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವುದು ರಾಡ್ ಎಂಡ್. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲದಂತೆ ತಡೆಯುವ ಸರಳನ್ನು ಚಕ್ರದ ಕಡೆಗೆ ಜೋಡಿಸುವುದು ಲಿಂಕ್ ರಾಡ್. ಸಣ್ಣ ಹಳ್ಳದಲ್ಲಿ, ಹಂಪಿನಲ್ಲಿ ನಿಧಾನವಾಗಿ ಹೋಗುವಾಗ ಕಟಕಟ ಅನ್ನುವುದು ಹೆಚ್ಚಾಗಿ ಈ ಲಿಂಕ್ ರಾಡೇ.

ಹೆದರಿಸುವುದಕ್ಕೆ ಇದನ್ನೆಲ್ಲ ಹೇಳುತ್ತಿಲ್ಲ. ಲಿಂಕ್ ರಾಡ್ ಸವೆದ ಮಾತ್ರಕ್ಕೆ ಚಕ್ರ ಕಳಚಿ ಬೀಳುವುದಿಲ್ಲ. ಕಾರು ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಅಷ್ಟೆ. ಬಾಲ್ ಜಾಯಿಂಟ್ ಹಾಗಲ್ಲ. ಅದರ ಗುಂಡು ತನ್ನ ಬಟ್ಟಲಿನಿಂದ ಕಿತ್ತು ಬಂದರೆ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ, ಕಾರಿನ ಮೂಗು ನೆಲಕ್ಕೆ ಬೀಳುತ್ತದೆ, ಸ್ಟೇರಿಂಗ್ ನಿಮ್ಮ ಕೈಯಲ್ಲಿದ್ದೂ ಇಲ್ಲದಂತೆ. ರಾಡ್ ಎಂಡ್ ಕಳಚಿದರೂ ಸ್ಟೇರಿಂಗಿಗೆ ಅದೇ ಗತಿ. ಕಷ್ಟವೇನೆಂದರೆ ಡ್ರೈವರ್ ಸೀಟಿನಲ್ಲಿ ಕೂತವನಿಗೆ ಈ ಮೂರರ ಸದ್ದೂ ಒಂದೇ ಥರ ಕೇಳುತ್ತದೆ. ಯಾವುದು ಬರೀ ಕಿರಿಕಿರಿ, ಯಾವುದು ಜೀವ ತೆಗೆಯುವಂಥದ್ದು ಎಂದು ಗೊತ್ತಾಗುವುದು ಕಾರನ್ನು ಎತ್ತಿ ನೋಡಿದಾಗ ಮಾತ್ರ.

ಹಿಂದೆ ಎತ್ತಿ ನೋಡದೆ ಗತಿಯಿರಲಿಲ್ಲ. ಅಂಬಾಸಿಡರ್ ಇಟ್ಟುಕೊಂಡವರ ಮನೆಯಲ್ಲಿ ಬೆಳೆದವರಿಗೆ ನೆನಪಿರುತ್ತದೆ, ಆಗಾಗ ಗ್ರೀಸ್ ಹೊಡೆಸಲೇಬೇಕಿತ್ತು. ಆ ನೆಪದಲ್ಲಿ ಯಾರಾದರೊಬ್ಬರು ಗ್ರೀಸ್ ಗನ್ ಹಿಡಿದು ಅಡಿಗೆ ನುಸುಳುತ್ತಿದ್ದರು, ಸಡಿಲಾದದ್ದು ಅವರ ಕೈಗೆ ಸಿಗುತ್ತಿತ್ತು. ಈಗಿನ ಜಾಯಿಂಟುಗಳು ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ, ರಬ್ಬರ್ ಬೂಟಿನಿಂದ ಮುಚ್ಚಿ ಬರುತ್ತವೆ. ಬೂಟು ಹರಿಯದಿರುವ ತನಕ ಏನೂ ಮಾಡಬೇಕಿಲ್ಲ. ಹರಿದರೆ ನೀರು, ಮಣ್ಣು ಒಳಗಿಳಿದು ಗುಂಡನ್ನು ಅರೆಯತೊಡಗುತ್ತವೆ, ಮೇಲೆ ಕೂತವರಿಗೆ ಸುಳಿವೂ ಹತ್ತುವುದಿಲ್ಲ. ನಾಗಪುರ ರಬ್ಬರಿಗೆ ಒಳ್ಳೆಯ ಊರೂ ಅಲ್ಲ. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ಬಿಸಿಲು ವರ್ಷವರ್ಷವೂ ಅದನ್ನು ಗಡುಸು ಮಾಡುತ್ತದೆ, ಮಳೆಗಾಲ ಬಂದು ಬಿರುಕಿಗೆ ನೀರು ಹಾಕುತ್ತದೆ. 2023ರ ಸೆಪ್ಟೆಂಬರ್ 23ರ ನಸುಕಿನ ಮಳೆಗೆ ಅಂಬಾಝರಿ ಕೆರೆ ತುಂಬಿ ಹರಿದು, ನಾಗ್ ನದಿ ಉಕ್ಕಿ, ದಂಡೆಯ ಬಡಾವಣೆಗಳಲ್ಲಿ ಕಾರುಗಳು ಕೆಸರುನೀರಿನಲ್ಲಿ ಮುಳುಗಿ ನಿಂತಿದ್ದವಲ್ಲ, ಅವುಗಳ ಸೀಟು ಒಣಗಿಸಿದೆವು, ಕಾರ್ಪೆಟ್ ತೊಳೆಸಿದೆವು. ಅಡಿಯ ಬೂಟುಗಳನ್ನು ಎಷ್ಟು ಜನ ನೋಡಿಸಿದೆವು?

ಕಾನೂನು ನೋಡಿಕೊಳ್ಳುತ್ತದೆ ಅಂದುಕೊಂಡಿದ್ದರೆ ಅದು ತಪ್ಪು. ಟ್ಯಾಕ್ಸಿ, ಲಾರಿ, ಬಸ್ಸುಗಳಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕು. ನಮ್ಮ ಸ್ವಂತ ಕಾರಿಗೆ 15 ವರ್ಷ ಅಂಥ ಯಾವ ಪರೀಕ್ಷೆಯೂ ಇಲ್ಲ. ಹೊಗೆಯ ಪ್ರಮಾಣಪತ್ರ ಕೇಳುತ್ತಾರೆ, ಚಕ್ರ ನೆಟ್ಟಗೆ ನಿಂತಿದೆಯೇ ಎಂದು ಯಾರೂ ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರು ವರ್ಷವರ್ಷವೂ ಎಂಒಟಿ ಪರೀಕ್ಷೆಗೆ ಹೋಗಬೇಕು. ಜಪಾನಿನಲ್ಲಿ, ಜರ್ಮನಿಯಲ್ಲಿ ಮೊದಲ ಮೂರು ವರ್ಷದ ನಂತರ ಎರಡು ವರ್ಷಕ್ಕೊಮ್ಮೆ. ಇಲ್ಲಿ ಆ ಕೆಲಸವನ್ನು ನಮ್ಮ ಆತ್ಮಸಾಕ್ಷಿಗೆ ಬಿಟ್ಟಿದ್ದಾರೆ, ಅದೋ ವಾಲ್ಯೂಮ್ ಏರಿಸಿ ಕೂತಿದೆ.

ಹಾಗಂತ ಕಾನೂನು ಪೂರ್ತಿ ಸುಮ್ಮನಿಲ್ಲ. ಮೋಟಾರು ವಾಹನ ಕಾಯ್ದೆಯ 190ನೇ ಕಲಂ ತೆಗೆದು ಓದಿ. ಗಾಡಿಯಲ್ಲಿ ಅಪಾಯಕಾರಿ ದೋಷ ಇದೆಯೆಂದು ತಿಳಿದೂ ಓಡಿಸಿದವನ ಮೇಲೆ ಮಾತ್ರವಲ್ಲ, ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದವನ ಮೇಲೂ ಅದು ತಪ್ಪು ಹೊರಿಸುತ್ತದೆ. ಓಡಿಸಿದವನನ್ನಷ್ಟೇ ಅಲ್ಲ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಕಟಕಟ ಎಂಬುದು ಮನೆ ಬಾಗಿಲಿಗೆ ಬಂದ ನೋಟಿಸು.

‘ಸ್ವಾಮಿ, ರಸ್ತೆಯೇ ಸರಿಯಿಲ್ಲ’ ಅನ್ನುತ್ತೀರಿ. ಒಪ್ಪಿದೆ. ಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಬಾಂಬೆ ಹೈಕೋರ್ಟೇ 2025ರ ಅಕ್ಟೋಬರಿನಲ್ಲಿ ಹೇಳಿದೆ. ಪಾಲಿಕೆಯನ್ನು ಬೈಯೋಣ, ಬೈಯಲೇಬೇಕು. ಆದರೆ ಕೆಟ್ಟ ರಸ್ತೆ ಇದೆ ಅನ್ನುವುದು ಜಾಯಿಂಟನ್ನು ಮತ್ತಷ್ಟು ಬೇಗ ನೋಡಿಸಲು ಕಾರಣವೇ ಹೊರತು ನೋಡಿಸದಿರಲು ಅಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ 74,897 ಜನ ದ್ವಿಚಕ್ರದವರು, 32,825 ಜನ ಕಾಲ್ನಡಿಗೆಯವರು. ಇವರೆಲ್ಲ ಸವೆದ ಬಾಲ್ ಜಾಯಿಂಟಿಗೆ ಬಲಿಯಾದರು ಎಂದರೆ ಸುಳ್ಳಾದೀತು. ಆದರೆ ನಮ್ಮ ಚಕ್ರ ದಾರಿ ತಪ್ಪಿದ ದಿನ ಎದುರಿಗಿರುವವರು ಇಂಥವರೇ. ಏರ್‌ಬ್ಯಾಗ್ ಇರುವುದು ನಮಗೆ.

ಇನ್ನು ಸಮೃದ್ಧಿ ಮಹಾಮಾರ್ಗ. ನಾಗಪುರದಿಂದ ಮುಂಬೈಗೆ 701 ಕಿಲೋಮೀಟರ್, 2025ರ ಜೂನ್ 5ರಿಂದ ಪೂರ್ತಿ ತೆರೆದಿದೆ, ಕಾರಿಗೆ 120ರ ವೇಗಮಿತಿ. ರಾಮದಾಸಪೇಠದ ಗಲ್ಲಿಯಲ್ಲಿ 20ರ ವೇಗದಲ್ಲಿ ಗೊಣಗುವ ಜಾಯಿಂಟು ಆ ನುಣುಪು ಕಾಂಕ್ರೀಟಿನ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ. ‘ನೋಡಿ, ಹೈವೇಗೆ ಬಂದ ಮೇಲೆ ಸದ್ದೇ ಇಲ್ಲ’ ಎಂದು ಖುಷಿಪಡುವವರಿದ್ದಾರೆ! ಊರಿನ ಕಡೆ 44ನೇ ಹೆದ್ದಾರಿ ಹಿಡಿದು ಹೈದರಾಬಾದ್ ದಾಟಿ ಬಾಗೇಪಲ್ಲಿ, ದೇವನಹಳ್ಳಿಯ ತನಕ ಹೋಗುವವರೂ ಇದ್ದೀರಿ, ಹಿಂದಿನ ಸೀಟಿನಲ್ಲಿ ಅಮ್ಮ, ಮಕ್ಕಳು, ಡಿಕ್ಕಿ ತುಂಬ ಸಾಮಾನು.

ಮಾಡಬೇಕಾದದ್ದು ಅರ್ಧ ಗಂಟೆಯ ಕೆಲಸ. ಗ್ಯಾರೇಜಿನಲ್ಲಿ ಚಕ್ರ ಎತ್ತಿಸಿ, ಸ್ಟ್ಯಾಂಡ್ ಕೊಡಿಸಿ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಯಾರನ್ನೂ ಇಳಿಸಬೇಡಿ. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಆಟ, ಅಂದರೆ ಸಡಿಲು, ಸಿಕ್ಕರೆ ಬಾಲ್ ಜಾಯಿಂಟೋ ಬೇರಿಂಗೋ ಸವೆದಿದೆ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಆಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಜಾಯಿಂಟು. ಎಡ ಬಲ ಹಿಡಿದು ಅಲ್ಲಾಡಿಸಿದರೆ ರಾಡ್ ಎಂಡ್ ಗೊತ್ತಾಗುತ್ತದೆ. ಬುಷ್‌ಗೆ ಸಲಾಕೆ ಹಾಕಿ ಮೀಟಿದಾಗ ರಬ್ಬರು ಸೀಳಿದ್ದು ಕಾಣುತ್ತದೆ. ಟೈರಿನ ಒಳ ಅಂಚು ಮಾತ್ರ ಸವೆದಿದ್ದರೆ, ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆದರೆ ಇನ್ನೂ ಕಾಯಬೇಡಿ. ಬಾಲ್ ಜಾಯಿಂಟಿನಲ್ಲಿ ಆಟ ಸಿಕ್ಕಿತೋ, ಆ ಕಾರನ್ನು ಅಲ್ಲಿಯೇ ಬಿಟ್ಟು ಆಟೋ ಹಿಡಿದು ಮನೆಗೆ ಹೋಗಿ. ಹಳೆಯ ಮಾರುತಿ 800 ಇಟ್ಟುಕೊಂಡವರಿಗೆ ಒಂದು ಮಾತು: ಅದರಲ್ಲಿ ವಾಲದಂತೆ ತಡೆಯುವ ಸರಳೇ ಚಕ್ರವನ್ನು ಹಿಂದೆ ಮುಂದೆ ಸರಿಯದಂತೆಯೂ ಹಿಡಿದಿರುತ್ತದೆ. ಅದರ ಬುಷ್ ಹೋದರೆ ಬರೀ ಸದ್ದೆಂದು ಬಿಡುವಂತಿಲ್ಲ.

ಖರ್ಚಿನ ಮಾತು ಬಂದರೆ, ಸಣ್ಣ ಕಾರಿನ ಒಂದು ಜೊತೆ ಲಿಂಕ್ ರಾಡ್ ಒಂದು ಟೈರಿನ ಬೆಲೆಯೂ ಆಗುವುದಿಲ್ಲ.

ಕಾರಿನ ಯಜಮಾನರೇ, ನಿಮ್ಮ ಡ್ರೈವರ್ ಈ ಸದ್ದಿನ ಬಗ್ಗೆ ನಿಮಗೆ ಹೇಳಿರುತ್ತಾನೆ. ಒಮ್ಮೆ ಹೇಳಿ, ನಿಮ್ಮ ಮುಖ ನೋಡಿ, ಇನ್ನೊಮ್ಮೆ ಹೇಳಲು ಹಿಂಜರಿದಿರುತ್ತಾನೆ. ನಾಳೆ ಏನಾದರೂ ಆದರೆ ಜನ ಮೊದಲು ಕಾಲರ್ ಹಿಡಿಯುವುದು ಅವನದನ್ನೇ. ಇವತ್ತು ನೀವಾಗಿಯೇ ಅವನನ್ನು ಕೇಳಿ.

ಮೆಕ್ಯಾನಿಕ್ ಅಣ್ಣಂದಿರೇ, ‘ಚಲ್ ಜಾಯೇಗಾ’ ಎಂದು ಬಾನೆಟ್ ಮುಚ್ಚುವ ಮೊದಲು ಒಮ್ಮೆ ಯೋಚಿಸಿ. ಗಟ್ಟಿಯಾಗಿರುವ ತೋಳನ್ನು ಹಾಳಾಗಿದೆ ಎಂದು ಬಿಚ್ಚುವುದೂ ಅಷ್ಟೇ ದ್ರೋಹ. ಹಾಗೆ ಮೋಸಹೋದವರು ನಿಜವಾಗಿ ಸವೆದಾಗಲೂ ನಿಮ್ಮನ್ನು ನಂಬುವುದಿಲ್ಲ. ಬುಷ್ ಹಾಕಿದ ಮೇಲೆ ಕೊನೆಯ ಬಿಗಿ ಕಾರು ತನ್ನ ಭಾರದ ಮೇಲೆ ನಿಂತಾಗಲೇ ಕೊಡಿ. ಚಕ್ರ ನೇತಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ ಎಂಬುದು ನಿಮಗೆ ಗೊತ್ತು. ಅಲೈನ್‌ಮೆಂಟ್ ಮಾಡಿಸದೆ ಕಳಿಸಬೇಡಿ.

ಸವೆದ ಕಾರನ್ನು ತೊಳೆದು, ಪಾಲಿಶ್ ಹೊಡೆಸಿ, ಸದ್ದು ಬಾರದ ರಸ್ತೆಯಲ್ಲಿ ಟ್ರಯಲ್ ಕೊಟ್ಟು ಮಾರುವವರಿಗೆ ಹೇಳುವುದು ಇಷ್ಟೇ. ಕೊಳ್ಳಲು ಬಂದವನಿಗೆ ಕಟಕಟದ ಮಾತು ಹೇಳಿ, ಬೆಲೆಯಲ್ಲಿ ಅದರ ಖರ್ಚು ಕಳೆದುಕೊಡಿ. ಹೊಸದು ಹಾಕಿಸಿದವರು ಬಿಚ್ಚಿದ ಹಳೆಯ ಜಾಯಿಂಟನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಅದು ಗ್ರೀಸು, ಹೊಸ ಬೂಟು ಹಾಕಿಸಿಕೊಂಡು ಅಗ್ಗದ ಮಾಲಾಗಿ ಇನ್ನೊಬ್ಬರ ಚಕ್ರ ಸೇರುವುದುಂಟು. ನಿಮ್ಮ ಎದುರಿಗೇ ಅದರ ಗುಂಡಿನ ಕುತ್ತಿಗೆಯನ್ನು ಗ್ರೈಂಡರಿನಲ್ಲಿ ಕತ್ತರಿಸಿ ಗುಜರಿಗೆ ಹಾಕಲು ಹೇಳಿ.