ಇಪ್ಪತ್ತಾರು ಎಂದರೆ ಎಷ್ಟು?

ಕನ್ನಡ ಎಂ.ಎ. ಮಾಡಿದವನನ್ನು ಬೈಸಿಕಲ್ಲಿನ ಟೈರಿನ ವಿಷಯವಾಗಿ ಯಾರೂ ಸಲಹೆ ಕೇಳುವುದಿಲ್ಲವೆಂದು ನಾನು ಇಷ್ಟು ವರ್ಷ ನೆಮ್ಮದಿಯಿಂದ ಇದ್ದೆ. ಕಳೆದ ದೀಪಾವಳಿಗೆ ಕಣಕಟ್ಟೆಯ ಅಕ್ಕನ ಮನೆಗೆ ಹೋದಾಗ ಆ ನೆಮ್ಮದಿಗೆ ಭಂಗ ಬಂದಿತು. ದ್ವಿತೀಯ ಪಿ.ಯು. ಓದುತ್ತಿರುವ ಅವಳ ಮಗ, ನಾನು ಕೈಕಾಲು ತೊಳೆದು ಕೂರುವ ಮೊದಲೇ, "ಮಾವ, ರಾಜ್ಯೋತ್ಸವಕ್ಕೆ ಸೈಕಲ್ ರೇಸ್ ಇಟ್ಟಿದ್ದಾರೆ. ನನಗೆ ತೆಳು ಟೈರು ಬೇಕು. ಅಮ್ಮನಿಗೆ ನೀವೇ ಹೇಳಬೇಕು" ಎಂದು ಅಹವಾಲು ಸಲ್ಲಿಸಿದ.

ಅಕ್ಕ ಒಳಗಿನಿಂದಲೇ ಉತ್ತರ ಕೊಟ್ಟಳು: "ಒಂದು ಜೊತೆ ಟೈರು ಅಂದರೆ ನನ್ನ ಒಂದು ವಾರದ ಹಾಲಿನ ಬಟವಾಡೆ ಕಣೋ. ರೇಸು ಒಂದು ದಿನ. ಡೇರಿಗೆ ಹಾಲು ಹಾಕೋದು ದಿನಾ."

ವಿಷಯದ ತಿರುಳೆಲ್ಲ ಆ ಮಾತಿನಲ್ಲಿತ್ತು. ಮನೆಗೆ ಇರುವುದು ಒಂದೇ ಸೈಕಲ್ಲು. ಪಂದ್ಯವಾಡುವ ಟೈರೇ ಮರುದಿನ ಬೆಳಗಿನ ಜಾವ ಹಾಲಿನ ಕ್ಯಾನುಗಳನ್ನೂ ಹೊರಬೇಕು.

ಹುಡುಗ ನನ್ನನ್ನು ಪಂದ್ಯದ ಹಾದಿಯುದ್ದಕ್ಕೂ ನಡೆಸಿಕೊಂಡು ಹೋದ. ಊರ ಬೀದಿಯ ಕಾಂಕ್ರೀಟಿನಿಂದ ಹೊರಟು, ಡಾಂಬರು ರಸ್ತೆ ಹಿಡಿದು, ಅಲ್ಲಿಂದ ಏರಿಯ ಮೇಲಿನ ಗಾಡಿಹಾದಿಗೆ ಹತ್ತಿ, ಒಂದು ತೆಂಗಿನ ತೋಟದ ಉತ್ತ ಮಣ್ಣನ್ನು ಹಾಯ್ದು, ಪಂಪುಸೆಟ್ಟಿನ ನೀರು ಹರಿಯುವ ಕೆಸರನ್ನು ದಾಟಿ ಮರಳಿ ಊರಿಗೆ. ಹೀಗೆ ಐದು ಸುತ್ತು. ಇದು ನಮ್ಮ ಯುವಕರು ತಾವೇ ಕಂಡುಕೊಂಡ ಕ್ರೀಡೆಯಿರಬಹುದು. ಆದರೆ ಯುರೋಪಿನಲ್ಲಿ ಇದಕ್ಕೆ ಸೈಕ್ಲೋಕ್ರಾಸ್ ಎಂಬ ಹೆಸರಿದೆ. ಫ್ರಾನ್ಸಿನಲ್ಲಿ 1902ರಲ್ಲಿಯೇ ಇದರ ರಾಷ್ಟ್ರೀಯ ಪಂದ್ಯ ನಡೆಯಿತು. 1950ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ವಿಶ್ವಪಂದ್ಯ. ಹತ್ತಲಾಗದ ದಿಣ್ಣೆಯಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಓಡುವುದೂ ಅದರಲ್ಲಿ ಸಮ್ಮತ. ಅಲ್ಲಿಯ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಟೈರು 33 ಮಿಲಿಮೀಟರಿಗಿಂತ ಅಗಲವಿರಕೂಡದೆಂಬ ಕಟ್ಟಳೆಯುಂಟು. ಕಣಕಟ್ಟೆಯಲ್ಲಿ ಪುಣ್ಯವಶಾತ್ ಅಂಥ ಕಟ್ಟಳೆಯಿರಲಿಲ್ಲ.

ತೆಳುವಾದ ಟೈರೇ ವೇಗವಾದುದೆಂಬುದು ಹುಡುಗನ ನಂಬಿಕೆ. ಫೋನಿನಲ್ಲಿ ಅವನು ನೋಡಿದ ಪಂದ್ಯಗಳೆಲ್ಲ ನುಣುಪು ರಸ್ತೆಯವು. ನಾನು ಅವನಿಗೆ ಡನ್‌ಲಪ್ಪನ ಕಥೆ ಹೇಳಿದೆ. ಬೆಲ್‌ಫಾಸ್ಟಿನ ಪಶುವೈದ್ಯನಾಗಿದ್ದ ಆತ ಮಗನ ಮೂರು ಚಕ್ರದ ಗಾಡಿಗೆಂದು ಗಾಳಿ ತುಂಬಿದ ಟೈರು ಮಾಡಿ 1888ರಲ್ಲಿ ಪೇಟೆಂಟು ಪಡೆದ. (ಥಾಮ್ಸನ್ ಎಂಬಾತ 1845ರಲ್ಲಿಯೇ ಅಂಥದೊಂದಕ್ಕೆ ಪೇಟೆಂಟು ಪಡೆದಿದ್ದನೆಂದು ಆಮೇಲೆ ತಿಳಿದು, ಪಾಪ, ಡನ್‌ಲಪ್ಪನ ಹಕ್ಕು ಬಿದ್ದುಹೋಯಿತು.) ಆಗ ಎಲ್ಲರ ಸೈಕಲ್ಲಿಗೂ ತೆಳ್ಳಗಿನ ಗಟ್ಟಿ ರಬ್ಬರಿನ ಪಟ್ಟಿ. 1889ರಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಡನ್‌ಲಪ್ಪನ ಗಾಳಿ ಟೈರು ತೊಡಿಸಿಕೊಂಡು ಬೆಲ್‌ಫಾಸ್ಟಿನ ಕಣಕ್ಕಿಳಿದು, ಗಟ್ಟಿ ಟೈರಿನವರನ್ನೆಲ್ಲ ಹಿಂದಿಕ್ಕಿದ. ಗಟ್ಟಿಯಾದ ಚಕ್ರ ಪ್ರತಿಯೊಂದು ಕಲ್ಲಿಗೂ ಮೇಲಕ್ಕೆ ನೆಗೆಯುತ್ತದೆ. ಮುಂದಕ್ಕೆ ಹೋಗಬೇಕಾದ ಕಾಲಿನ ಬಲ ಮೇಲಕ್ಕೆ ಹೋಗಿ ವ್ಯರ್ಥವಾಗುತ್ತದೆ. ಮೆದುವಾದ ಚಕ್ರ ಕಲ್ಲನ್ನು ತನ್ನೊಳಗೆ ಅಡಗಿಸಿಕೊಂಡು ಮುಂದೆ ಉರುಳುತ್ತದೆ. ನೂರು ಪೌಂಡು ಗಾಳಿ ಬೇಡುವ ತೆಳು ಟೈರು ಡಾಂಬರಿನ ಮೇಲೆ ಬಾಣ. ಏರಿಯ ಮೇಲೆ ಅದೇ ಟೈರು ಸವಾರನ ಹಲ್ಲು ಅಲುಗಾಡಿಸುತ್ತದೆ, ಉತ್ತ ಮಣ್ಣಿನಲ್ಲಿ ನೇಗಿಲಿನಂತೆ ಹೂತುಕೊಳ್ಳುತ್ತದೆ.

ಹಾಗಿದ್ದರೆ ಮೈತುಂಬ ದಪ್ಪ ಉಬ್ಬುಗಳಿರುವ ಟೈರೇ ಸರಿಯೇ? ಅದೂ ಅಲ್ಲ. ಡಾಂಬರಿನ ಮೇಲೆ ಆ ಉಬ್ಬುಗಳು ಒಂದೊಂದೂ ಬಾಗಿ ಉಜ್ಜಿ ಬಲ ತಿನ್ನುತ್ತವೆ. ಗಟ್ಟಿ ನೆಲದಲ್ಲಿ ನುಣುಪು ರಬ್ಬರೇ ಹೆಚ್ಚು ಹಿಡಿಯುತ್ತದೆ. ಸಡಿಲ ಮಣ್ಣಿಗೆ ಮಾತ್ರ ಉಬ್ಬು ಬೇಕು. ಕೆಸರಿಗಾದರೆ ಉಬ್ಬುಗಳ ನಡುವೆ ಒಳ್ಳೆಯ ಅಂತರವೂ ಬೇಕು. ಒತ್ತಾಗಿದ್ದರೆ ಮಣ್ಣು ಮೆತ್ತಿಕೊಂಡು ಎರಡನೆಯ ಸುತ್ತಿಗೆ ಟೈರು ಕಡುಬಿನಂತೆ ಆಗುತ್ತದೆ. ಆದ್ದರಿಂದ ಬೆರಕೆ ಹಾದಿಗೆ ತಕ್ಕುದು ನಡುವೆ ನುಣುಪಾಗಿ, ಎರಡು ಅಂಚಿನಲ್ಲಿ ಉಬ್ಬುಗಳಿರುವ ಟೈರು. ನೇರ ಓಡುವಾಗ ನುಣುಪು ಭಾಗ ನೆಲ ಮುಟ್ಟುತ್ತದೆ. ತಿರುವಿನಲ್ಲಿ ಒರಗಿದಾಗ, ಮಣ್ಣಿನಲ್ಲಿ ಇಳಿದಾಗ, ಅಂಚಿನ ಉಬ್ಬು ಕಚ್ಚುತ್ತದೆ.

ಇಷ್ಟು ಪಾಂಡಿತ್ಯ ಪ್ರದರ್ಶಿಸಿ, ಮರುದಿನ ಅರಸೀಕೆರೆಗೆ ಹೋಗಿ, ಅಂಥ ಟೈರು ಒಂದನ್ನು ಆರಿಸಿ, "26 ಇಂಚಿನದು" ಎಂದು ಕೇಳಿ ತಂದೆ. ಅದು ಚಕ್ರದ ಮೇಲೆ ಕೂರಲೇ ಇಲ್ಲ. ಬಳೆ ಬೆರಳಿಗೆ ಹಾಕಿದಂತೆ ಸುತ್ತಲೂ ಜೋಲಾಡಿತು. ಅಂಗಡಿಯವರ ತಪ್ಪೇನೂ ಇಲ್ಲ. ಹೊಯ್ಸಳರ ನಾಡಿನಲ್ಲಿ ಹುಟ್ಟಿ, ಸವೆದ ಶಿಲಾಶಾಸನಗಳ ಮುಂದೆ ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕುಳಿತ ನಾನು, ಟೈರಿನ ಪಕ್ಕೆಯ ಮೇಲಿನ ಎರಡು ಸಾಲಿನ ಶಾಸನ ಓದಿರಲಿಲ್ಲ!

ವಾಚಕರಲ್ಲಿ ಮಕ್ಕಳ ಸೈಕಲ್ಲಿಗೆ ಟೈರು ಕೊಳ್ಳುವವರು ಇದನ್ನೊಂದು ನೆನಪಿಡುವುದು ಒಳ್ಳೆಯದು. ಇಪ್ಪತ್ತಾರು ಎಂಬುದು ಗಾಳಿ ತುಂಬಿದ ಟೈರಿನ ಹೊರಗಿನ ಅಡ್ಡಳತೆಯ ಸ್ಥೂಲ ಲೆಕ್ಕ. ಟೈರು ಕೂರುವ ರಿಮ್ಮಿನದಲ್ಲ. ಟೈರು ದಪ್ಪವಾದರೆ ಒಳಗಿನ ರಿಮ್ಮು ಚಿಕ್ಕದಿರುತ್ತದೆ, ತೆಳುವಾದರೆ ದೊಡ್ಡದು. ನಮ್ಮ ಹುಡುಗನ ಸೈಕಲ್ಲಿನದು 26 × 1.95, ಅದರ ಟೈರು ಕೂರುವ ಅಳತೆ 559 ಮಿಲಿಮೀಟರು. ನಾನು ತಂದದ್ದು 26 × 1⅜, ಅದರದು 590. ಎರಡೂ ಇಪ್ಪತ್ತಾರೇ! ಇಪ್ಪತ್ತೆಂಟರಲ್ಲಿಯೂ ಇದೇ ಗೊಂದಲ: ನಮ್ಮ ತಂದೆಯವರ ಕಾಲದ ಎತ್ತರದ ಸೈಕಲ್ಲಿನ 28 × 1½ ಟೈರಿನದು 635, ಈಗಿನ ಪಂದ್ಯದ ಸೈಕಲ್ಲಿನ, 700 ಎಂದು ಬರೆದ ಟೈರಿನದು 622. ಪಕ್ಕೆಯ ಮೇಲೆ 50-559 ಎಂಬಂತೆ ಎರಡು ಅಂಕಿಗಳ ಜೋಡಿಯೊಂದಿರುತ್ತದೆ. ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ಅಳತೆ. ಎರಡನೆಯದು ತಾಳೆಯಾಗದ ಟೈರನ್ನು ಯಾವ ಬಲಭೀಮನೂ ಕೂರಿಸಲಾರ.

ಟೈರು ಬದಲಾಯಿಸಿ ತರಲು ಹೊರಡುವ ಮೊದಲು ಸೈಕಲ್ಲನ್ನು ಬೋರಲು ಹಾಕಿ ಒಮ್ಮೆ ಸರಿಯಾಗಿ ನೋಡಿದೆ. ಆಗ ಕಂಡದ್ದು ಸೋಜಿಗ. ಎರಡು ವರ್ಷ ಹಾಲು ಹೊತ್ತ ಹಿಂದಿನ ಟೈರಿನ ನಡುಭಾಗ ಸವೆದು ಬೋಳಾಗಿತ್ತು, ಅಂಚಿನ ಉಬ್ಬುಗಳು ಮಾತ್ರ ಹಾಗೆಯೇ ಇದ್ದವು. ನಾನು ಹಣ ತೆತ್ತು ತರಹೊರಟಿದ್ದ ಬೆರಕೆ ಟೈರನ್ನು ಅಕ್ಕನ ಎಮ್ಮೆಗಳು ಆಗಲೇ ತಯಾರಿಸಿ ಇಟ್ಟಿದ್ದವು! ಒಳಗಿನ ನೂಲು ಕಾಣುವಷ್ಟು ಸವೆದಿದ್ದರೆ ಎಸೆಯಲೇಬೇಕಿತ್ತು. ಇದರಲ್ಲಿ ನೂಲು ಕಂಡಿರಲಿಲ್ಲ, ಪಕ್ಕೆ ಸೀಳಿರಲಿಲ್ಲ. ಆದರೆ ಮುಂದಿನ ಟೈರಿನ ಪಕ್ಕೆ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಹಿಂದಿನ ಚಕ್ರ ಜಾರಿದರೆ ಸವಾರ ಸಾವರಿಸಿಕೊಂಡಾನು. ಮುಂದಿನದು ಜಾರಿದರೆ ನೆಲವೇ ಗತಿ. ಹೊಸದು ಮುಂದಕ್ಕೆ ಒಂದೇ ಸಾಕೆಂದು ತೀರ್ಮಾನವಾಯಿತು. ಅಕ್ಕನ ಅರ್ಧ ಬಟವಾಡೆ ಉಳಿಯಿತು. ಆ ಅರ್ಧದಲ್ಲಿ ಒಂದು ಪಾಲು ಗಟ್ಟಿ ಟ್ಯೂಬಿಗೆ ಹೋಯಿತು. ನೆಗ್ಗಿಲು ಮುಳ್ಳಿನ ನಾಡಿನಲ್ಲಿ ಅದು ದುಂದುವೆಚ್ಚವೆಂದು ನನಗೆ ಅನ್ನಿಸುವುದಿಲ್ಲ.

ಇನ್ನುಳಿದದ್ದು ಗಾಳಿ. ಇದಕ್ಕೆ ಕಾಸು ಬೇಡವಾದ್ದರಿಂದಲೋ ಏನೋ, ಜನ ಇದರ ಬಗ್ಗೆ ಯೋಚಿಸುವುದೇ ಇಲ್ಲ. ಹುಡುಗ ಕಲ್ಲಿನಂತೆ ಹೊಡೆದಿದ್ದ. ಅಳತೆಯ ಪಂಪಿನಲ್ಲಿ ನೋಡಿ ಮುಂದಕ್ಕೆ 30 ಪೌಂಡು, ಹಿಂದಕ್ಕೆ 35ಕ್ಕೆ ಇಳಿಸಿದೆವು. ತೀರ ಇಳಿಸಿದರೆ ಕಾಂಕ್ರೀಟಿನ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತಾಗುತ್ತದೆ. ಹುಡುಗ ಏರಿಯ ಮೇಲೆ ಒಂದು ಸುತ್ತು ಹೋಗಿ ಬಂದು, "ಮಾವ, ಸೈಕಲ್ಲೇ ಬೇರೆ ಆಯ್ತು" ಎಂದ.

ಪಂದ್ಯದ ದಿನ ನಾವು ಎಣಿಸದಿದ್ದ ಇನ್ನೊಂದು ನೆಲ ಎದುರಾಯಿತು. ಡಾಂಬರು ರಸ್ತೆಯ ಮೇಲೆ ಯಾರೋ ರಾಗಿ ಹುಲ್ಲು ಹರಡಿದ್ದರು, ಹೋಗಿಬರುವ ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು. ಅದರ ಮೇಲೆ ಹಿಡಿಯುವ ಟೈರನ್ನು ಯಾವ ದೇಶದವರೂ ಮಾಡಿಲ್ಲ. ಅಲ್ಲಿ ಬ್ರೇಕು ಹಿಡಿಯಬಾರದು, ತಿರುಗಿಸಬಾರದು, ನೇರ ಹಾಯಬೇಕು. ನಮ್ಮವನು ಮೊದಲ ಸುತ್ತಿನಲ್ಲಿ ಬ್ರೇಕು ಹಿಡಿದು ಬಿದ್ದ. ಎದ್ದು ಓಡಿಸಿದ. ಬೆಂಗಳೂರಿನಿಂದ ಬಂದಿದ್ದ ತೆಳು ಟೈರಿನ ಹುಡುಗನೊಬ್ಬ ಡಾಂಬರಿನಲ್ಲಿ ಎಲ್ಲರನ್ನೂ ಹಿಂದಿಕ್ಕುತ್ತಿದ್ದ, ತೋಟ ಬಂದೊಡನೆ ಸೈಕಲ್ಲನ್ನು ಹೆಗಲಿಗೇರಿಸಿ ಓಡುತ್ತಿದ್ದ. ಓಡಿಯೂ ಮೂರನೆಯವನಾಗಿ ಬಂದ. ಅವನ ಕಾಲಿಗೆ ನಮಸ್ಕಾರ. ನಮ್ಮವನಿಗೆ ಏಳನೆಯ ಸ್ಥಾನ, ಮೊಣಕೈಗೆ ಒಂದು ಗಾಯ. ಪಂಕ್ಚರು ಇಲ್ಲ.

ಮರುದಿನ ಬೆಳಗಿನ ಜಾವ ಹಿತ್ತಿಲಿನಿಂದ ಪಂಪಿನ ಸದ್ದು ಕೇಳಿ ಎಚ್ಚರವಾಯಿತು. ಕ್ಯಾನುಗಳನ್ನು ಕಟ್ಟುವ ಮೊದಲು ಹುಡುಗ ಹಿಂದಿನ ಟೈರಿಗೆ ಗಾಳಿ ಏರಿಸುತ್ತಿದ್ದ. ಅಕ್ಕ ಲಾಟೀನಿನಂತೆ ಫೋನಿನ ಬೆಳಕು ಹಿಡಿದು, "ಐವತ್ತಾಯ್ತೇನೋ?" ಎಂದು ಕೇಳುತ್ತಿದ್ದಳು.