ಚೆಂಡು ನಮ್ಮದು, ನಾಯಕತ್ವ ಯಾರದು?



ಖಾನಾಪುರದಲ್ಲಿ ರೈಲು ಹತ್ತಿ ಲೋಂಡಾ ದಾಟಿ ಹೋದರೆ ಧಾರವಾಡ. ಆ ಊರಲ್ಲಿ 1876ರಲ್ಲಿ ಚಮ್ಮಾರರ ಮನೆಯಲ್ಲೊಬ್ಬ ಹುಡುಗ ಹುಟ್ಟಿದ. ಹೆಸರು ಪಾಲ್ವಣಕರ ಬಾಳೂ. ಬೆಳಗಾವಿಯ ಹಾಸ್ಟೆಲುಗಳಲ್ಲಿ ಕ್ರಿಕೆಟ್ಟಿನ ಲೆಕ್ಕವೆಲ್ಲ ಬಾಯಿಪಾಠ ಹೇಳುವ ನಮ್ಮಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತೈತಿ?

ಅಪ್ಪ ದಂಡಿನ ಚಾಕರಿಗೆಂದು ಪುಣೆ ಸೇರಿದವ. ಮಗ ಅಲ್ಲಿ ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ಚು ಗುಡಿಸಿದ, ರೋಲರ್ ಎಳೆದ. ತಿಂಗಳಿಗೆ 3 ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಗ್ರೆಗ್ ಎಂಬ ಸಾಹೇಬನಿಗೆ ತಾಸುಗಟ್ಟಲೆ ಚೆಂಡು ಹಾಕಿ ಹಾಕಿ ಎಡಗೈ ಸ್ಪಿನ್ ಪಳಗಿಸಿಕೊಂಡ. ಬ್ಯಾಟು ಮಾತ್ರ ಅವನ ಕೈಗೆ ಕೊಡಲಿಲ್ಲ.

ಬಿಳಿಯರನ್ನು ಸೋಲಿಸಬೇಕೆಂದಾಗ ಪುಣೆಯ ಹಿಂದೂ ತಂಡಕ್ಕೆ ಬಾಳೂ ಬೇಕಾದ. ಮೈದಾನದೊಳಗೆ ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಅವನು ಪೆವಿಲಿಯನ್ನಿನ ಹೊರಗೆ, ಕೈಯಲ್ಲಿ ಕುಡಿದು ಬಿಸಾಡುವ ಮಣ್ಣಿನ ಕಪ್ಪು. ಚೆಂಡಿಗಿಲ್ಲದ ಮೈಲಿಗೆ ಚಹಾಕ್ಕ ಎಲ್ಲಿಂದ ಬಂತು?

1911ರಲ್ಲಿ ಪಟಿಯಾಲದ ಮಹಾರಾಜನ ತಂಡದೊಂದಿಗೆ ಇಂಗ್ಲೆಂಡಿಗೆ ಹೋದ. ತಂಡ ಸೋತು ಸುಣ್ಣವಾದರೂ ಬಾಳೂ ಒಬ್ಬನೇ 114 ವಿಕೆಟ್ ಉರುಳಿಸಿದ. ಇಷ್ಟಾದರೂ ಹಿಂದೂ ತಂಡ ಅವನನ್ನು ನಾಯಕನನ್ನಾಗಿ ಆರಿಸಲಿಲ್ಲ. ಅವನ ತಮ್ಮ ವಿಠ್ಠಲ 1923ರಲ್ಲಿ ನಾಯಕನಾದ. ಆ ವರ್ಷ ತಂಡ ಗೆದ್ದಿತು.

ಅಮೆರಿಕದ ಬೇಸ್‌ಬಾಲಿನ ದೊಡ್ಡ ಲೀಗಿನಲ್ಲಿ ಕರಿಯರಿಗೆ ಮುಚ್ಚಿದ್ದ ಬಾಗಿಲನ್ನು ಜಾಕಿ ರಾಬಿನ್ಸನ್ 1947ರಲ್ಲಿ ಒಡೆದ. ಅವನ 42ನೇ ನಂಬರಿನ ಅಂಗಿಯನ್ನು 1997ರಲ್ಲಿ ಲೀಗಿನ ಎಲ್ಲ ತಂಡಗಳೂ ಗೌರವದಿಂದ ಎತ್ತಿಟ್ಟವು. ರಾಬಿನ್ಸನ್ ಹುಟ್ಟುವ ಎಷ್ಟೋ ಮೊದಲೇ ಆಡಿದ ಬಾಳೂಗೆ ನಾವು ಏನು ಎತ್ತಿಟ್ಟಿದ್ದೇವೆ?

ನಮ್ಮವರಲ್ಲೇ ಕೆಲವರು, "ಅವ ಬಾಬಾಸಾಹೇಬರ ಎದುರು ನಿಂತವ, ಅವನ ಮಾತು ಬ್ಯಾಡ" ಅನ್ನಬಹುದು. ನಿಜ. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸೋತ. ಬಾಬಾಸಾಹೇಬರಿಗೆ 13,245 ಮತ, ಅವನಿಗೆ 11,225. ಅವನ ಆ ರಾಜಕೀಯವನ್ನು ನಾವು ಒಪ್ಪುವುದಿಲ್ಲ. ಆದರೆ ತರುಣ ಅಂಬೇಡ್ಕರರು ಮೆಚ್ಚಿಕೊಂಡ ಆಟಗಾರನೂ ಇವನೇ. ತಪ್ಪನ್ನು ತಪ್ಪೆನ್ನೋಣ, ಬೆವರನ್ನು ಬೆವರೆನ್ನೋಣ. ಮೇಲಿನವರು ಮರೆತದ್ದನ್ನು ನಾವೂ ಮರೆತರೆ ಅವರಿಗೂ ನಮಗೂ ಏನು ಫರಕು?

ನಮ್ಮ ಹುಡುಗರಿಗೆ ಇವತ್ತು ಚೆಂಡು ಸಿಗತೈತಿ. ಆದರೆ ತಂಡ ಆರಿಸುವ ಕುರ್ಚಿಯಲ್ಲಿ ಯಾರು ಕುಂತಾರ? ನಾಯಕ ಯಾರು? ಕಾಲೇಜಿನಲ್ಲಿ, ತಾಲೂಕಿನಲ್ಲಿ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳೋಣ. ಬಾಳೂ ಗುಡಿಸಿದ ಮೈದಾನದಲ್ಲಿ ನಮ್ಮ ಪಾಲು ಐತಿ.